ಬೊಗಾರ್ಟ್‌ನ ಅಮ್ಮ ಅನ್ನುವ ಮೊದಲು

ಹಾಲಿವುಡ್ ನಟ ಹಂಫ್ರಿ ಬೊಗಾರ್ಟ್ ಬಗ್ಗೆ ಒಂದು ಕತೆ ಈಗಲೂ ಓಡಾಡುತ್ತಿದೆ. ಗರ್ಬರ್ ಶಿಶು ಆಹಾರದ ಡಬ್ಬಿಯ ಮೇಲಿನ ಮಗು ಅವರೇ, ಅದನ್ನು ಬರೆದದ್ದು ಅವರ ತಾಯಿ ಎಂದು. ಇದು ಶುದ್ಧ ಸುಳ್ಳು. ಬೊಗಾರ್ಟ್ ಹುಟ್ಟಿದ್ದು 1899ರ ಡಿಸೆಂಬರ್‌ನಲ್ಲಿ. ಗರ್ಬರ್ ಮಗುವಿನ ಇದ್ದಿಲು ಚಿತ್ರ 1928ರದು, ಬರೆದವರು ಡೊರೊಥಿ ಹೋಪ್ ಸ್ಮಿತ್. ಬೊಗಾರ್ಟ್ ಆಗ ಮೂವತ್ತರ ಹತ್ತಿರದ ಗಂಡಸು. ತಾಯಿ ಮಾಡ್ ಹಂಫ್ರಿ ಮಗನ ಚಿತ್ರ ಬರೆದದ್ದೂ ಅದು ಜಾಹೀರಾತಾದದ್ದೂ ನಿಜ, ಆದರೆ ಅದು ಮೆಲಿನ್ಸ್ ಎಂಬ ಬೇರೆಯೇ ಶಿಶು ಆಹಾರಕ್ಕೆ. ಈ ಒಂದು ಗಾಳಿಸುದ್ದಿಯಿಂದ ಇಬ್ಬರಿಗೆ ಅನ್ಯಾಯವಾಗಿದೆ: ಸ್ಮಿತ್ ಕೈಕೆಲಸ ಕಂಡವರ ಪಾಲಾಯಿತು, ಮಾಡ್ ಬರೀ ಸ್ಟಾರ್ ನಟನ ಅಮ್ಮನಾಗಿ ಉಳಿದರು.

1868ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಹುಟ್ಟಿದ ಮಾಡ್, ನ್ಯೂಯಾರ್ಕ್‌ನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ, ಪ್ಯಾರಿಸ್‌ನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತವರು. 1890ರ ದಶಕದಲ್ಲಿ ಫ್ರೆಡರಿಕ್ ಸ್ಟೋಕ್ಸ್ ಪ್ರಕಾಶನ ಅವರ ಜಲವರ್ಣಗಳನ್ನು ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿಸಿ ಮಕ್ಕಳ ಪುಸ್ತಕಗಳಾಗಿ ಮಾರಿತು. ಗುಂಡು ಕೆನ್ನೆ, ಲೇಸಿನ ಟೋಪಿ, ನೆರಿಗೆ ನೆರಿಗೆಯಾಗಿ ಇಳಿಬಿದ್ದ ಫ್ರಾಕು: ಇದು ಅವರ ಛಾಪು. ಐವರಿ ಸೋಪಿಗೂ ಬರೆದರು. ಮುಂದೆ 'ಡೆಲಿನಿಯೇಟರ್' ಎಂಬ ಫ್ಯಾಷನ್ ಪತ್ರಿಕೆಯ ಕಲಾ ನಿರ್ದೇಶಕಿಯಾದರು. ಸರ್ಜನ್ ಗಂಡನ ವರಮಾನ ವರ್ಷಕ್ಕೆ 20,000 ಡಾಲರ್ ಆಗಿದ್ದಾಗ ಇವರದು 50,000 ದಾಟುತ್ತಿತ್ತೆಂದು ಜೀವನಚರಿತ್ರೆಗಳು ಹೇಳುತ್ತವೆ. ಅಮೆರಿಕದ ಹೆಂಗಸರಿಗೆ ಇನ್ನೂ ದೇಶವ್ಯಾಪಿ ಮತದಾನದ ಹಕ್ಕಿಲ್ಲದ ಕಾಲ ಅದು. ಮಾಡ್ ಆ ಹಕ್ಕಿನ ಪರ ನಿಂತವರು.

ಸೋಪು ಮಾರಲು ಬರೆದದ್ದು ಕಲೆಯೇ ಎಂದು ಕೇಳುವವರಿದ್ದಾರೆ. ಮಾಡ್ ಬರೆದ ಮಕ್ಕಳು ಅತಿ ಸಿಹಿ ಎಂಬುದನ್ನು ನಾನೂ ಒಪ್ಪುತ್ತೇನೆ. ನಾಲ್ಕು ಪುಟ ತಿರುವುವಷ್ಟರಲ್ಲಿ ಸಾಕೆನಿಸುತ್ತದೆ. ಆದರೆ ಹೇಳಿದ ಅಳತೆಗೆ, ಹೇಳಿದ ದಿನಕ್ಕೆ, ಕಲ್ಲಿನ ಮೇಲೆ ಬಣ್ಣ ಹೇಗೆ ಕೂರುತ್ತದೆಂದು ಅಂದಾಜಿಸಿ ಬರೆಯುವುದು ಪಳಗಿದ ಕೈಯ ಕೆಲಸ. ಗ್ಯಾಲರಿಯ ಮೆಟ್ಟಿಲು ಹತ್ತದವರ ಮನೆಗೂ ಚಿತ್ರ ತಲುಪಿದ್ದು ಇಂಥವರಿಂದ. ಮಗ ನಟನಾಗದಿದ್ದರೆ ಇವರನ್ನು ಯಾರು ನೆನೆಯುತ್ತಿದ್ದರು ಎಂಬ ಮಾತೂ ಇದೆ. ಇಂದಿನ ಓದುಗರ ಮಟ್ಟಿಗೆ ಅದು ನಿಜವಿರಬಹುದು, ಅಂದಿನ ಗಿರಾಕಿಗಳ ಮಟ್ಟಿಗೆ ಅಲ್ಲ. ಮಗ ಹುಟ್ಟುವ ಮೊದಲೇ ಮಾಡ್ ಹಂಫ್ರಿ ಹೆಸರಿನ ಮೇಲೆ ಪುಸ್ತಕ ಮಾರಾಟವಾಗುತ್ತಿತ್ತು. ಮಗನಿಗೆ ಹೆಸರು ತಂದ ಚಿತ್ರಗಳಲ್ಲಿ 'ಮಾಲ್ಟೀಸ್ ಫಾಲ್ಕನ್' ಬಂದದ್ದು 1941ರಲ್ಲಿ, 'ಕಾಸಾಬ್ಲಾಂಕಾ' 1942ರಲ್ಲಿ. 1940ರ ನವೆಂಬರ್‌ನಲ್ಲೇ ತೀರಿಕೊಂಡ ತಾಯಿ ಎರಡನ್ನೂ ನೋಡಲಿಲ್ಲ.

ಕಾಗದದ ಮೇಲೆ ಮುದ್ದು ಮಕ್ಕಳು, ಮನೆಯಲ್ಲಿ ಕಟ್ಟುನಿಟ್ಟಿನ ತಾಯಿ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಅಮ್ಮನ ಮೇಲೆ ಪ್ರೀತಿಗಿಂತ ಗೌರವವೇ ಹೆಚ್ಚಿತ್ತೆಂದು ಮಗನೇ ಹೇಳಿಕೊಂಡಿದ್ದಾರೆ. ಮಗನ ನೋವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಗಂಡಸು ಕಲಾವಿದರ ಕುಂಚವನ್ನು ಅವರು ಮಕ್ಕಳನ್ನು ಎಷ್ಟು ಸಲ ಎತ್ತಿಕೊಂಡರೆಂಬ ಲೆಕ್ಕದಲ್ಲಿ ಯಾರೂ ಅಳೆಯುವುದಿಲ್ಲವಲ್ಲ! ಬೊಗಾರ್ಟ್ ಬಗ್ಗೆ ಬರೆಯುವವರು ಆ ಗರ್ಬರ್ ಕತೆಯನ್ನು ಇನ್ನಾದರೂ ಕೈಬಿಡಲಿ. ತಾಯಿಯ ಹೆಸರು ಬಂದ ಕಡೆ, ಮಗನ ಹೆಸರಿಗಿಂತ ಮೊದಲು ಆಕೆಯ ವೃತ್ತಿಯನ್ನು ಬರೆಯಲಿ.