ಗಂಟಲ ಬೇನೆಯೂ ಹೃದಯದ ರೋಗವೂ

ಮಕ್ಕಳಿಗೆ ಗಂಟಲು ನೋಯುವುದು ಮನೆಮನೆಯ ಮಾತು. ನಮ್ಮ ಶಿವಪುರದ ಸುತ್ತಿನಲ್ಲಿ ಆಲೆಮನೆಗಳು ನಡೆಯುವ ಕಾಲಕ್ಕೆ ಮಗುವು ಗಂಟಲು ನೋವೆಂದರೆ, ಕಬ್ಬಿನ ಹಾಲು ಕುಡಿದುದರ ಫಲವೆಂದು ಹಿರಿಯರು ಮೆಣಸಿನ ಕಷಾಯವನ್ನು ಕೊಟ್ಟು ಸುಮ್ಮನಾಗುವರು. ಬಹುಪಾಲು ಬೇನೆಗಳು ತಾವಾಗಿಯೇ ಶಮನವಾಗುವುದೂ ನಿಜವೇ. ಆದರೆ ಅವುಗಳ ನಡುವೆ ಒಂದು ಬಗೆಯುಂಟು. ಅದು ಗಂಟಲಿನಲ್ಲಿ ಮೊದಲಾಗಿ ಹೃದಯದ ಕೇಡಿನಲ್ಲಿ ಮುಗಿಯಬಹುದು. ಗೃಹಸ್ಥರು ಅದನ್ನು ಅರಿತಿರುವುದು ಅವಶ್ಯಕ.

ಇದಕ್ಕೆ ಕಾರಣವು ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುಗಳ ಒಂದು ವರ್ಗ. 5ರಿಂದ 15 ವರ್ಷದ ಮಕ್ಕಳಿಗೆ ಇದರ ಬಾಧೆ ಹೆಚ್ಚು. ಅನೇಕರು ಒಂದೇ ಕೋಣೆಯಲ್ಲಿ ಮಲಗುವ ಮನೆಗಳಲ್ಲಿ ಬೇಗನೆ ಹರಡುವುದು. ನೆಗಡಿ ಕೆಮ್ಮುಗಳಿಲ್ಲದೆ ಹಠಾತ್ತಾಗಿ ಜ್ವರ ಬಂದು, ಉಗುಳು ನುಂಗುವುದಕ್ಕೂ ನೋವಾಗಿ, ದವಡೆಯ ಕೆಳಗಿನ ಗ್ರಂಥಿಗಳು ಊದಿದರೆ ಸಂದೇಹಪಡಬೇಕು. ಔಷಧವಿಲ್ಲದೆಯೂ ಗಂಟಲು ಕೆಲವು ದಿನಗಳಲ್ಲಿ ವಾಸಿಯಾಗುವುದು, ಮೋಸವಿರುವುದು ಅಲ್ಲಿಯೇ. ಎರಡು ಮೂರು ವಾರಗಳಾದ ಮೇಲೆ ಕೆಲವು ಮಕ್ಕಳಿಗೆ ಮತ್ತೆ ಜ್ವರ ಬಂದು, ಮೊಣಕಾಲು, ಮೊಣಕೈಗಳ ಕೀಲುಗಳು ಒಂದಾದ ಮೇಲೊಂದು ಊದಿ ನೋಯುವುವು. ಇದೇ ರುಮ್ಯಾಟಿಕ್ ಜ್ವರ.

ರಜ್ಜುಸರ್ಪದ ದೃಷ್ಟಾಂತವನ್ನು ವಾಚಕರು ಬಲ್ಲರು. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಬಗೆದು ಬಡಿಯುವಂತೆ, ಕ್ರಿಮಿಯನ್ನು ಕೊಲ್ಲಲು ಸಿದ್ಧವಾದ ದೇಹದ ರಕ್ಷಕಶಕ್ತಿಯು, ಅದನ್ನು ಹೋಲುವ ತನ್ನದೇ ಅಂಗಭಾಗವನ್ನು ಶತ್ರುವೆಂದು ಭ್ರಮಿಸಿ ಹೊಡೆಯುವುದು. ಕೀಲಿನ ಊತವು ಗುರುತಿಲ್ಲದೆ ಇಳಿಯುವುದು. ಹೃದಯದ ಕವಾಟಕ್ಕೆ ಬಿದ್ದ ಪೆಟ್ಟು ಉಳಿಯಬಹುದು. ಜ್ವರವು ಮರುಕಳಿಸಿದಂತೆಲ್ಲ ಆ ಕೇಡು ಬೆಳೆಯುವುದು. ಎಷ್ಟೋ ಹೆಣ್ಣುಮಕ್ಕಳಲ್ಲಿ ಈ ದೋಷವು ಮೊದಲು ಹೊರಪಡುವುದು ಬಸುರಿನಲ್ಲಿ, ಏದುಸಿರು ಕಾಣಿಸಿಕೊಂಡಾಗ.

ಇದನ್ನು ತಡೆಯಲು ಅಲೆಗ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಕಂಡುಹಿಡಿದ ಪೆನಿಸಿಲಿನ್ ಉಂಟು. ಗಂಟಲು ನೋಯತೊಡಗಿದ 9 ದಿನಗಳೊಳಗೆ ಅದನ್ನು ಮೊದಲುಮಾಡಿದರೆ ರುಮ್ಯಾಟಿಕ್ ಜ್ವರವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಮಾತ್ರೆಯನ್ನು ಕೊಟ್ಟರೆ 10 ದಿನವೂ ನುಂಗಿಸಬೇಕು. ಪೆನಿಸಿಲಿನ್ ಒಗ್ಗದವರೂ ಇರುವುದರಿಂದ ವೈದ್ಯರನ್ನು ಕೇಳದೆ ಅದನ್ನು ಕೊಡಲಾಗದು. ಒಮ್ಮೆ ಆ ಜ್ವರ ಬಂದ ಮಗುವಿಗೆ 3 ಅಥವಾ 4 ವಾರಕ್ಕೊಮ್ಮೆ ಸೂಜಿಮದ್ದು ಬೇಕು. ಹೃದಯಕ್ಕೆ ಘಾಸಿಯಾಗದಿದ್ದರೂ ಕನಿಷ್ಠ 5 ವರ್ಷ ಇಲ್ಲವೇ 21 ವಯಸ್ಸಿನವರೆಗೆ, ಇವೆರಡರಲ್ಲಿ ಯಾವುದು ದೀರ್ಘವೋ ಅಷ್ಟು ಕಾಲ ಇದು ನಡೆಯಬೇಕು. ಘಾಸಿಯಾಗಿದ್ದರೆ ಇನ್ನೂ ಹೆಚ್ಚು ಕಾಲ.

ಈ ನಿಯಮವು ತಪ್ಪುವುದು ಮದ್ದಿನ ಬೆಲೆಯಿಂದ ಮಾತ್ರವಲ್ಲ. ಒಂದು ದಿನದ ಕೂಲಿ ಹೋಗುವುದು, ಬಸ್ಸಿನ ಖರ್ಚು ಬೀಳುವುದು, ಮಗುವು ಅಳುವುದು. ಚೆನ್ನಾಗಿ ಆಡಿಕೊಂಡಿರುವ ಕೂಸಿಗೆ ಸೂಜಿ ಏಕೆಂದು ಮನೆಯ ಅಜ್ಜಿ ಕೇಳುವಳು. ಅವಳಿಗೆ ಕೊಡಬೇಕಾದ ಉತ್ತರವು ಇಷ್ಟೇ: ಆ ಆಟವು ನಿಲ್ಲದಿರಲೆಂದೇ ಈ ಸೂಜಿ.

ಬಿಗಿದ ಕವಾಟವನ್ನು ಬಲೂನಿನಿಂದ ಬಿಡಿಸುವ ಚಿಕಿತ್ಸೆಯು ಇಂದು ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳಲ್ಲಿ ದೊರೆಯುವುದು. ಆದರೆ ಅಲ್ಲಿಗೆ ಹೋಗುವ ಪ್ರಸಂಗವೇ ಬಾರದಿರುವುದು ಲೇಸು. ಗೋಡೆಯ ಪಂಚಾಂಗದಲ್ಲಿ ಹಬ್ಬಹುಣ್ಣಿಮೆಗಳನ್ನು ಗುರುತಿಸುವ ಗೃಹಿಣಿಯು, ಸೂಜಿಯ ದಿನಕ್ಕೂ ಒಂದು ಗುರುತನ್ನು ಹಾಕಿಡಲಿ.