ಬಲೂನಿನ ಆರು ತಿಂಗಳು

ತೂಕ ಇಳಿಸಲು ಜಠರದೊಳಗೆ ಬಲೂನು ಹಾಕಿಸಿಕೊಂಡವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ಜಿಮ್‌ಗೆ ಯಾವತ್ತಿನಿಂದ ಹೋಗಬಹುದು? ಇದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ, ಯಾಕೆ ಹೋಗಬೇಕು ಎಂಬುದು. ಅದು ತಿಳಿದರೆ ಯಾವಾಗ, ಎಷ್ಟು ಎಂಬುದೂ ತಿಳಿಯುತ್ತದೆ.

ಬಲೂನೆಂದರೆ ಬಾಯಿಯ ಮೂಲಕ ಎಂಡೋಸ್ಕೋಪಿಯಲ್ಲಿ ಇಳಿಸಿ, 400ರಿಂದ 700 ಮಿ.ಲೀ. ಸಲೈನ್ ತುಂಬಿದ ಸಿಲಿಕೋನ್ ಚೆಂಡು. ಸಾಮಾನ್ಯವಾಗಿ ಆರು ತಿಂಗಳು ಇಟ್ಟು ತೆಗೆಯುತ್ತಾರೆ. ನುಂಗುವ ಬಗೆಯದು ಸುಮಾರು ನಾಲ್ಕು ತಿಂಗಳಿಗೆ ತಾನೇ ಬರಿದಾಗಿ ಹೊರಹೋಗುತ್ತದೆ. ಬಲೂನು ಇರುವಷ್ಟು ದಿನ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಅಂದರೆ ತೂಕ ಮುಖ್ಯವಾಗಿ ಇಳಿಯುವುದು ಊಟ ಕಡಿಮೆಯಾದ್ದರಿಂದ. ಹಾಗಾದರೆ ವ್ಯಾಯಾಮದ ಕೆಲಸವೇನು?

ಊಟ ಕಡಿಮೆಯಾದಾಗ ದೇಹ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ, ಮಾಂಸಖಂಡವನ್ನೂ ಕರಗಿಸುತ್ತದೆ. ಇಳಿದ ತೂಕದಲ್ಲಿ ಸುಮಾರು ಕಾಲು ಪಾಲು ಕೊಬ್ಬಲ್ಲದ ಭಾಗ ಎಂಬುದು ವೈದ್ಯರ ರೂಢಿಯ ಲೆಕ್ಕ. ಭಾರತೀಯರಿಗೆ ಇದು ದೊಡ್ಡ ನಷ್ಟ. ಅಷ್ಟೇ ತೂಕದ ಯುರೋಪಿಯನ್ನರಿಗಿಂತ ನಮ್ಮಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಆದ್ದರಿಂದಲೇ ಬೇರೆಡೆ ಬಿಎಂಐ 30 ದಾಟಿದರೆ ಬೊಜ್ಜು ಎನ್ನುವಾಗ, 2009ರಲ್ಲಿ ನಮ್ಮ ತಜ್ಞರು ಭಾರತೀಯರಿಗೆ ಆ ಗೆರೆಯನ್ನು 25ಕ್ಕೆ ಇಳಿಸಿದರು. ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ. ಬಲೂನಿನ ಕಾಲದ ವ್ಯಾಯಾಮ ಇಳಿಸುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೆ.

ಬೆಂಗಳೂರಿನ ಕಾಡುಗೋಡಿಯಲ್ಲಿ ಈ ಮಾತನ್ನು ಒತ್ತಿ ಹೇಳಬೇಕು. 1990ರ ದಶಕದಲ್ಲಿ ಐಟಿಪಿಎಲ್ ಎಂಬ ಐಟಿ ಪಾರ್ಕ್ ಬಂದಮೇಲೆ ಈ ಭಾಗದ ಸಾವಿರಾರು ಜನರ ದುಡಿಮೆ ಕುರ್ಚಿಯ ಮೇಲೆಯೇ ನಡೆಯುತ್ತಿದೆ. ಕಚೇರಿಯ ಅಭ್ಯಾಸ ಮೈಗೂ ಬಂದಿದೆ: ವಾರಕ್ಕಿಷ್ಟು ಗುರಿ, ದಿನಕ್ಕೆ ಹತ್ತು ಸಾವಿರ ಹೆಜ್ಜೆ, ತಂಡಗಳ ನಡುವೆ ಪೈಪೋಟಿ. ಬಲೂನು ಹಾಕಿಸಿಕೊಂಡ ವಾರವೇ ಆ ಪೈಪೋಟಿಗೆ ಇಳಿದರೆ ಅಪಾಯ ನಿಜವಾದದ್ದು. ಮೊದಲ ಮೂರರಿಂದ ಐದು ದಿನ ವಾಕರಿಕೆ, ವಾಂತಿ, ಹೊಟ್ಟೆ ನುಲಿತ ಸಾಮಾನ್ಯ. ವಾಂತಿಯಲ್ಲಿ ನೀರಿನ ಜೊತೆ ಪೊಟ್ಯಾಸಿಯಮ್ ಕೂಡ ಹೋಗುತ್ತದೆ. ಅದು ತೀರ ಇಳಿದರೆ ಎದೆಬಡಿತ ಏರುಪೇರಾಗುತ್ತದೆ. ಆ ಮೈಯಲ್ಲಿ ಬೆವರು ಹರಿಸುವುದು ತಪ್ಪು. ಆಗ ಮಾಡಬೇಕಾದದ್ದು ಗುಟುಕು ಗುಟುಕಾಗಿ ನೀರು ಕುಡಿಯುವುದು, ಮನೆಯೊಳಗೇ ನಾಲ್ಕು ಹೆಜ್ಜೆ ಹಾಕುವುದು. ಮೂತ್ರ ಕಡುಹಳದಿಯಾಗಿದ್ದರೆ ಆ ಹೆಜ್ಜೆಗಳೂ ಬೇಡ.

ವಾಂತಿ ನಿಂತು ಗಂಜಿ, ಮಜ್ಜಿಗೆ ಒಗ್ಗಿದ ಮೇಲೆ ಬೆಳಗ್ಗೆ ಹತ್ತು ನಿಮಿಷದ ನಡಿಗೆ, ಆಮೇಲೆ ಇಪ್ಪತ್ತು. ಗಟ್ಟಿ ಊಟ ಹಿಡಿಸಿದ ಮೇಲೆ, ವೈದ್ಯರು ಒಪ್ಪಿದರೆ, ಸ್ನಾಯುವಿನ ಕೆಲಸ: ಅರ್ಧ ಬಸ್ಕಿ, ಗೋಡೆಗೆ ಕೈಯೂರಿ ದಂಡ, ರಬ್ಬರ್ ಪಟ್ಟಿ ಎಳೆಯುವುದು. ಹೊಟ್ಟೆ ಹಿಂಡುವ ಕಪಾಲಭಾತಿ, ಕಾಲು ಮೇಲೆತ್ತುವ ಹಲಾಸನ, ಸರ್ವಾಂಗಾಸನಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು. ಯೋಗ ಸೌಮ್ಯ ಎಂಬ ನಂಬಿಕೆಯಿಂದ ಅನೇಕರು ಇವನ್ನೇ ಮೊದಲು ಹಿಡಿಯುತ್ತಾರೆ. ಮೊಟ್ಟೆ, ಮೊಸರು, ಹೆಸರುಬೇಳೆ ತಟ್ಟೆಯಲ್ಲಿ ಇಲ್ಲದಿದ್ದರೆ ಬಸ್ಕಿಯಿಂದಲೂ ಸ್ನಾಯು ಉಳಿಯದು.

ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಹಳೆಯ ಊಟದ ಲೆಕ್ಕದ್ದು. ಊಟ ಅರ್ಧವಾಗಿ ನಡಿಗೆ ದ್ವಿಗುಣವಾದರೆ ಸಕ್ಕರೆ ದಿಢೀರನೆ ಕುಸಿದು ರಸ್ತೆಯಲ್ಲೇ ಬೀಳಬಹುದು. ಬಿಪಿ ಮಾತ್ರೆಯ ಕಥೆಯೂ ಹಾಗೆಯೇ. ವ್ಯಾಯಾಮ ಶುರುಮಾಡುವ ಮುನ್ನ ಡೋಸ್ ಸರಿಮಾಡಿಸಿಕೊಳ್ಳಬೇಕು. ಮೈಕೈ ನೋವಿಗೆಂದು ಔಷಧದಂಗಡಿಯ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬಾರದು. ಬಲೂನು ತಾಕುತ್ತಲೇ ಇರುವ ಜಠರದ ಒಳಪದರಕ್ಕೆ ಹುಣ್ಣಾಗಿ ರಕ್ತ ಸುರಿಯಬಹುದು. ಬಲೂನಿನ ಸಲೈನಿಗೆ ಹೆಚ್ಚಾಗಿ ನೀಲಿ ಬಣ್ಣ ಬೆರೆಸಿರುತ್ತಾರೆ. ಅದು ಸೋರಿದರೆ ಮೂತ್ರ ಹಸಿರು ಅಥವಾ ನೀಲಿಯಾಗುತ್ತದೆ. ಅಂದು ವ್ಯಾಯಾಮ ಬಿಟ್ಟು ನೇರ ಆಸ್ಪತ್ರೆಗೆ, ಏಕೆಂದರೆ ಕುಗ್ಗಿದ ಬಲೂನು ಕರುಳಿಗಿಳಿದು ಸಿಕ್ಕಿಕೊಳ್ಳಬಹುದು.

ಇಷ್ಟೆಲ್ಲ ಎಚ್ಚರಿಕೆ ಹೇಳಿದರೆ ಜನ ಹೆದರಿ ಕೂತುಬಿಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೂತರೆ ನಷ್ಟ ಇನ್ನೂ ಹೆಚ್ಚು. ಬಲೂನೊಂದನ್ನೇ ನಂಬಿ ಕೂರಲಾಗದು ಎಂಬುದಕ್ಕೆ ಅಮೆರಿಕದಲ್ಲಿ 1985ರಲ್ಲಿ ಒಪ್ಪಿಗೆ ಪಡೆದ ಗ್ಯಾರೆನ್–ಎಡ್ವರ್ಡ್ಸ್ ಬಲೂನಿನ ಕಥೆ ಇಲ್ಲಿ ನೆನಪಾಗುತ್ತದೆ. ಹಾಕಿಸಿಕೊಂಡವರಿಗೂ ಇಲ್ಲದವರಿಗೂ ಊಟದ ಒಂದೇ ಶಿಸ್ತು ಕೊಟ್ಟು ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ; ಹುಣ್ಣು, ಕರುಳಿನ ತಡೆಗಳು ಮಾತ್ರ ಕಂಡವು. ಅದು ಮಾರುಕಟ್ಟೆಯಿಂದ ಹೋಯಿತು. ಈಗಿನವು ಹೆಚ್ಚು ನಯ, ಹೆಚ್ಚು ಪರಿಣಾಮಕಾರಿ. ಆದರೂ ತೆಗೆದ ಮೇಲೆ ಹಸಿವು ಮರಳುತ್ತದೆ, ಆಗ ಜೊತೆಗಿರುವುದು ಆರು ತಿಂಗಳಲ್ಲಿ ಬೆಳೆಸಿಕೊಂಡ ರೂಢಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷಗಳ ಚಟುವಟಿಕೆಯನ್ನು ಆರನೆಯ ತಿಂಗಳಿಗೆ ಮುಟ್ಟಿದರೂ ಸಾಕು, ಮೊದಲ ವಾರಕ್ಕಲ್ಲ.

ಇಲ್ಲಿನ ಹೋಪ್ ಫಾರ್ಮ್ ವೃತ್ತದ ಸುತ್ತ ವಾಹನಗಳ ನಡುವೆ ನಡೆಯುವುದು ಕಷ್ಟ, ನಿಜ. ಆದರೆ 2023ರಿಂದ ಕಾಡುಗೋಡಿಗೆ ಮೆಟ್ರೊ ಇದೆ, ಅದಕ್ಕೆ ಮೆಟ್ಟಿಲುಗಳಿವೆ. ಎರಡನೇ ತಿಂಗಳಿನಿಂದ ಅವೇ ಗರಡಿಮನೆ ಆಗಬಹುದು. ಆಸ್ಪತ್ರೆಗಳಿಗೂ ಒಂದು ಬೇಡಿಕೆ ಇದೆ. ಪ್ರತಿ ಭೇಟಿಯಲ್ಲಿ ತೂಕ ಬರೆಯುವ ಕಾಲಂ ಪಕ್ಕ ಇನ್ನೊಂದು ಕಾಲಂ ಇರಲಿ: ಕೈಯೂರದೆ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದರು ಎಂದು. ತೂಕ ಇಳಿಯುತ್ತಾ ಈ ಸಂಖ್ಯೆಯೂ ಇಳಿದರೆ, ಚಿಕಿತ್ಸೆ ಫಲಿಸುತ್ತಿದೆ ಎಂದು ಬರೆಯಬಾರದು.