ಓಟೆಗೂ ಸಿಪ್ಪೆಗೂ ಬೆಲೆಯುಂಟು

ಕೃಷ್ಣಗಿರಿ ಸೀಮೆಯ ರೈತ ಬಾಂಧವರು ತೋತಾಪುರಿ ಮಾವನ್ನು ಬೆಳೆಯುವುದು ಹೆಚ್ಚಾಗಿ ಪಲ್ಪ್ ಕಾರ್ಖಾನೆಗಳಿಗಾಗಿ. ಕಾರ್ಖಾನೆಯು ತಿರುಳನ್ನು ತೆಗೆದು ಡಬ್ಬಿಗೆ ತುಂಬುತ್ತದೆ. ಉಳಿಯುವ ಸಿಪ್ಪೆ ಮತ್ತು ಓಟೆ ಹಣ್ಣಿನ ತೂಕದಲ್ಲಿ ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲ. ಆದರೂ ಅದು ಕಸವೆಂದೇ ಎಣಿಕೆ.

ವಾಸ್ತವವಾಗಿ ಅದು ಕಸವಲ್ಲ. ಓಟೆ ಒಡೆದರೆ ಸಿಗುವ ಬೀಜದಲ್ಲಿ ಕೋಕೋ ಬೆಣ್ಣೆಯನ್ನು ಹೋಲುವ ಕೊಬ್ಬಿದೆ. ಚಾಕೊಲೇಟಿಗೆ ನೂರಕ್ಕೆ 5ರವರೆಗೆ ಸೇರಿಸಬಹುದಾದ ಆರು ಸಸ್ಯಜನ್ಯ ಕೊಬ್ಬುಗಳಲ್ಲಿ ಇದನ್ನೂ ಯೂರೋಪಿನ ಒಕ್ಕೂಟವು 2000ದ ತನ್ನ ಕಟ್ಟಳೆಯಲ್ಲಿ ಹೆಸರಿಸಿದೆ. ಸಿಪ್ಪೆಯಲ್ಲಿ ಜಾಮನ್ನು ಗಟ್ಟಿಗೊಳಿಸುವ ಪೆಕ್ಟಿನ್ ಇದೆ. ಮಿಕ್ಕದ್ದು ಗ್ಯಾಸಿಗೂ ಗೊಬ್ಬರಕ್ಕೂ ಆದೀತು. ಜೀವಮೂಲಗಳಿಂದ ವಸ್ತುಗಳನ್ನು ತಯಾರಿಸುವ ಇಂಥ ಉದ್ಯಮಗಳಿಗೆ ಒತ್ತಾಸೆಯಾಗಲೆಂದೇ ಕೇಂದ್ರ ಸಂಪುಟವು 2024ರ ಆಗಸ್ಟಿನಲ್ಲಿ ‘ಬಯೋ-ಇ3’ ನೀತಿಗೆ ಒಪ್ಪಿಗೆಯಿತ್ತಿತು.

ಈ ವಿಷಯದಲ್ಲಿ ಒಬ್ಬೊಬ್ಬರ ನೋಟ ಒಂದೊಂದು ಬಗೆ. ಸಿಪ್ಪೆ ಬೇಗ ಕೊಳೆಯುತ್ತದೆ, ಸುಗ್ಗಿಯೋ ಕೆಲವೇ ತಿಂಗಳು, ಒಣಗಿಸುವ ಯಂತ್ರ ವರ್ಷದ ಉಳಿದ ದಿನ ಸುಮ್ಮನೆ ನಿಲ್ಲುತ್ತದೆ ಎಂಬುದು ಕಾರ್ಖಾನೆಯವರ ಕಡೆಯ ಮಾತು. ಅದರಲ್ಲಿ ನ್ಯಾಯವಿಲ್ಲದಿಲ್ಲ. ಓಟೆ ಒಡೆಯುವ ಆಳಿಗೆ ಬೇಕಾದುದು ಸರಿಯಾದ ಕೂಲಿ. ಆದರೆ ರೈತನ ಮಾತೇನು? ಅವನು ಮಾರುವುದು ಇಡೀ ಹಣ್ಣನ್ನು. ಕೊಳ್ಳುವವರ ಲೆಕ್ಕವೆಲ್ಲ ತಿರುಳಿನದೇ. ತಿರುಳೊಂದನ್ನೇ ನೆಚ್ಚಿದರೆ ಆಗುವುದೇನೆಂದು 2025ರಲ್ಲಿ ಕಂಡಿದ್ದೇವೆ. ಆ ಜೂನ್ ತಿಂಗಳಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಯನ್ನು ತಡೆಯಿತು. ದರ ಕುಸಿದು, ಕರ್ನಾಟಕದ 2.5 ಲಕ್ಷ ಟನ್ ಹಣ್ಣಿಗೆ ಕ್ವಿಂಟಲಿಗೆ 1,616 ರೂಪಾಯಿಯಂತೆ ಕೇಂದ್ರವು ಆಸರೆಯ ದರ ಗೊತ್ತುಮಾಡಬೇಕಾಯಿತು.

ಡೇರಿಯಲ್ಲಿ ಹಾಲಿನ ಕೊಬ್ಬಿನ ಅಂಶ ಅಳೆದು ದರ ಕಟ್ಟುವುದನ್ನು ನಮ್ಮ ಹಳ್ಳಿಗಳು ಚೆನ್ನಾಗಿ ಬಲ್ಲವು. ಮಾವಿಗೂ ಅದೇ ನ್ಯಾಯ ಸಲ್ಲಬೇಕು. ಓಟೆ, ಸಿಪ್ಪೆಗಳಿಂದ ಆದಾಯ ಬರುವಂತಾದಾಗ ಅದರಲ್ಲಿ ಬೆಳೆಗಾರನಿಗೆ ಇಂತಿಷ್ಟು ಪಾಲೆಂದು ಕರಾರಿನಲ್ಲಿಯೇ ಬರೆಯತಕ್ಕದ್ದು. ಗ್ಯಾಸು ತೆಗೆದ ಬಗ್ಗಡವು ತೋಟಕ್ಕೆ ಮರಳತಕ್ಕದ್ದು. ಎಲ್ಲವನ್ನೂ ಮಾರಿ ಮಣ್ಣನ್ನು ಬರಿದು ಮಾಡುವುದು ಜಾಣತನವಲ್ಲ. ಒಣಗಿಸುವ ಯಂತ್ರಕ್ಕೆ ಸರಕಾರ ನೆರವಾದರೆ ಕಾರ್ಖಾನೆಯವರ ತೊಡಕೂ ಕಳೆದೀತು.

ಒಬ್ಬ ರೈತ ಹೋಗಿ ಕೇಳಿದರೆ ಯಾರೂ ಕಿವಿಗೊಡರು. ಸಂಘ ಕಟ್ಟಿ, ಹೂ ಕಚ್ಚುವ ಮೊದಲೇ ಮಾತು ಮುಗಿಸಿಕೊಳ್ಳಬೇಕು. ಹಣ್ಣು ಲಾರಿ ಹತ್ತಿದ ಮೇಲೆ ಚೌಕಾಸಿಗೆ ಬಲವೆಲ್ಲಿಯದು?